ಕೆಲಸ ಚೆನ್ನಾಗಿ ಗೊತ್ತು, ಆದರೆ ಬಾಯಿ ಬರುವುದಿಲ್ಲ. ಈ ಹಿಂಜರಿಕೆ ದಾಟಿ ಮುಂದೆ ಬಂದವರು ಇದ್ದೀರಾ?

ನೀಲಿಶಾಯಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೊರೆಯುತ್ತಿರುವ ವಿಷಯ, ಇವತ್ತು ಕೇಳಿಬಿಡುತ್ತೇನೆ.

ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ತಿಂಗಳ ಕೊನೆಯ ವರದಿ ನನ್ನ ಕೈಯಿಂದಲೇ ಹೋಗುತ್ತದೆ. ಬೇರೆ ವಿಭಾಗದವರು ಕೂಡ ಅಂಕಿ ತಾಳೆಯಾಗದಿದ್ದರೆ ನನ್ನ ಮೇಜಿನ ಹತ್ತಿರ ಬರುತ್ತಾರೆ. ಒಬ್ಬೊಬ್ಬರ ಹತ್ತಿರ ಮಾತಾಡುವಾಗ ಏನೂ ತೊಂದರೆ ಇಲ್ಲ. ಮೀಟಿಂಗಿನಲ್ಲಿ ಕೂತರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ಹೇಳಬೇಕಾದ್ದು ಗಂಟಲ ತನಕ ಬಂದು ನಿಲ್ಲುತ್ತದೆ. 'ಇದು ಎಲ್ಲರಿಗೂ ಗೊತ್ತಿರಬಹುದು', 'ಸುಮ್ನೆ ಯಾಕೆ' ಅಂತ ಯೋಚಿಸುವಷ್ಟರಲ್ಲಿ ಇನ್ಯಾರೋ ಅದೇ ಮಾತು ಹೇಳಿ ಶಹಭಾಸ್ ಅನ್ನಿಸಿಕೊಂಡಿರುತ್ತಾರೆ.

ಈಗ ನಮ್ಮ ತಂಡದಲ್ಲಿ ಟೀಮ್ ಲೀಡ್ ಹುದ್ದೆ ಖಾಲಿಯಾಗಿದೆ. ಒಳಗಿನವರೇ ಅರ್ಜಿ ಹಾಕಬಹುದು. ಕೇಳಿರುವ ಅರ್ಹತೆಗಳಲ್ಲಿ ಒಂದೆರಡು ಬಿಟ್ಟರೆ ಉಳಿದದ್ದೆಲ್ಲ ನನಗಿದೆ. ನನಗಿಂತ ಆಮೇಲೆ ಸೇರಿದವರು ಆಗಲೇ ಹಾಕಿದ್ದಾರೆ. ನಾನು ಫಾರ್ಮ್ ತೆರೆಯುತ್ತೇನೆ, ಓದುತ್ತೇನೆ, ಮುಚ್ಚುತ್ತೇನೆ. ಮೊದಲು ಸ್ವಲ್ಪ ಧೈರ್ಯ ಬರಲಿ, ಆಮೇಲೆ ಹಾಕೋಣ ಅನಿಸುತ್ತದೆ.

'ಆತ್ಮವಿಶ್ವಾಸ ಬೆಳೆಸಿಕೊಳ್ಳಿ' ಅಂತ ಹೇಳಬೇಡಿ ದಯವಿಟ್ಟು. ಅದನ್ನು ಬೇಕಾದಷ್ಟು ಕೇಳಿದ್ದೇನೆ. ನೀವು ನಿಜವಾಗಿ ಏನು ಮಾಡಿದಿರಿ, ಅದನ್ನು ಹೇಳಿ.

ಕಟ್ಟಡದವನು

ಸೈಟ್ ಎಂಜಿನಿಯರ್ ನಾನು. ನಿಮ್ಮ ಬರಹದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. 'ಮೊದಲು ಧೈರ್ಯ ಬರಲಿ, ಆಮೇಲೆ ಹಾಕೋಣ.' ಸಿಕ್ಕಿಹಾಕಿಕೊಳ್ಳುವುದೇ ಅಲ್ಲಿ. ಧೈರ್ಯ ಮೊದಲು ಬರುವುದಿಲ್ಲ. ನಾನಂತೂ ಅದು ಮೊದಲು ಬಂದವರನ್ನು ನೋಡಿಲ್ಲ.

ನನಗೆ ಕೆಲಸ ಮಾಡಿದ್ದು ಇದು. ಬೆಳಗಿನ ಸಭೆಗೆ ಹೋಗುವ ಮುಂಚೆ ಒಂದೇ ಒಂದು ವಾಕ್ಯ ಬರೆದುಕೊಳ್ಳುತ್ತಿದ್ದೆ. ದೊಡ್ಡ ಅಭಿಪ್ರಾಯ ಏನಲ್ಲ. 'ನಿನ್ನೆ ಬಂದ ಕಬ್ಬಿಣದ ಟೆಸ್ಟ್ ವರದಿ ಬಂತಾ?' ಅಷ್ಟೇ. ಅದನ್ನು ಸಭೆ ಶುರುವಾದ ಮೊದಲ ಐದು ನಿಮಿಷದೊಳಗೆ ಕೇಳಿಬಿಡಬೇಕು. ಮೌನ ಕಾಂಕ್ರೀಟ್ ಇದ್ದ ಹಾಗೆ, ಹೊತ್ತು ಹೋದಷ್ಟೂ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಸುಮ್ಮನಿದ್ದು ಆಮೇಲೆ ಬಾಯಿ ತೆರೆಯುವುದು ಯಾರಿಗಾದರೂ ಕಷ್ಟ. ಮೊದಲೇ ಒಂದು ಸಲ ದನಿ ಹೊರಗೆ ಬಂದಿದ್ದರೆ ಎರಡನೇ ಸಲಕ್ಕೆ ಅಷ್ಟು ಭಾರ ಅನಿಸುವುದಿಲ್ಲ.

ರಾತ್ರಿಪಾಳಿ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನರ್ಸ್. ನಮ್ಮ ಕೆಲಸದಲ್ಲಿ ಹಿಂಜರಿಕೆಗೆ ಜೀವದ ಬೆಲೆ ಇದೆ. ಅದಕ್ಕೆ ಈ ವಿಷಯ ನಮ್ಮಲ್ಲಿ 'ನಿನಗೆ ಧೈರ್ಯ ಇಲ್ಲ' ಅಂತ ಯಾರನ್ನೋ ಬೈಯುವ ಮಾತಾಗಿ ಉಳಿದಿಲ್ಲ, ತರಬೇತಿಯ ವಿಷಯವಾಗಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಬೇರೆ ಕೆಲಸದವರಿಗೆ ಇದು ಗೊತ್ತಿರುವುದು ಕಡಿಮೆ.

ಶುರುವಾದದ್ದು ವಿಮಾನಗಳಲ್ಲಿ. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಬೋಯಿಂಗ್ 747 ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿ ಹೊಡೆದವು. 583 ಜನ ಸತ್ತರು. ಮಂಜು ಕವಿದಿತ್ತು, ರೇಡಿಯೋ ಮಾತು ಸ್ಪಷ್ಟವಾಗಿ ಕೇಳಿರಲಿಲ್ಲ, ಕಾರಣಗಳು ಹಲವು ಇದ್ದವು. ಅದರಲ್ಲಿ ಒಂದು ಇದು. ಮೇಲೇಳಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇ ಅಂತ ಅವರು ಕೇಳಿದರು ಕೂಡ. ಕ್ಯಾಪ್ಟನ್ ತುಂಬಾ ಹಿರಿಯರು. ಬಿಟ್ಟಿದೆ ಅಂತ ಖಡಾಖಂಡಿತವಾಗಿ ಹೇಳಿದರು. ಅಲ್ಲಿಗೆ ಮಾತು ನಿಂತಿತು.

1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರದ ನಂತರ ವಿಮಾನ ಸಿಬ್ಬಂದಿಗೆ ಹೊಸ ಥರದ ತರಬೇತಿ ಬೆಳೆಯಿತು. ಕಿರಿಯರು ಹಿರಿಯರಿಗೆ ಹೇಗೆ ಹೇಳಬೇಕು, ಹಿರಿಯರು ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದೂ ಅದರ ಒಂದು ಭಾಗ. ಆಮೇಲೆ ಅದೇ ಯೋಚನೆ ಆಸ್ಪತ್ರೆಗಳಿಗೂ ಬಂತು. ರಾತ್ರಿ ಎರಡು ಗಂಟೆಗೆ ಹಿರಿಯ ಡಾಕ್ಟರಿಗೆ ಫೋನ್ ಮಾಡುವಾಗ ನಾವು ಮನಸ್ಸಿಗೆ ಬಂದ ಹಾಗೆ ಮಾತಾಡುವುದಿಲ್ಲ. ಎಸ್‌ಬಿಎಆರ್ ಅನ್ನುವ ಕ್ರಮ ಇದೆ. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನು ಅನಿಸುತ್ತಿದೆ, ನೀವು ಏನು ಮಾಡಬೇಕು. ಇದು ಮೊದಲು ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿತ್ತು.

ಇನ್ನೊಂದು ಇದೆ. ಮೂರು ಮೆಟ್ಟಿಲಿನ ಮಾತು. ಮೊದಲು 'ನನಗೆ ಇದರ ಬಗ್ಗೆ ಚಿಂತೆ ಇದೆ.' ಕೇಳದಿದ್ದರೆ 'ಹೀಗೆ ಮುಂದುವರಿಯುವುದು ನನಗೆ ಸರಿ ಕಾಣುತ್ತಿಲ್ಲ.' ಆಗಲೂ ಕೇಳದಿದ್ದರೆ 'ಇದು ರೋಗಿಯ ಸುರಕ್ಷತೆಯ ವಿಷಯ.' ಮೂರೂ ವಾಕ್ಯ ಮೊದಲೇ ಬಾಯಿಪಾಠ. ಆ ಕ್ಷಣದಲ್ಲಿ ನನ್ನ ಕೈ ನಡುಗುತ್ತಿದ್ದರೂ ಪರವಾಗಿಲ್ಲ, ವಾಕ್ಯ ನಾಲಿಗೆಯ ಮೇಲೆ ಇರುತ್ತದೆ.

ಕಟ್ಟಡದವನು ಅವರೇ, ನಿಮ್ಮ 'ಮೊದಲ ಐದು ನಿಮಿಷ' ಕೂಡ ನಮ್ಮಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಸುರಕ್ಷತಾ ಪಟ್ಟಿ ತಂದಿತು. ಚರ್ಮಕ್ಕೆ ಕತ್ತರಿ ಹಾಕುವ ಮುಂಚೆ ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು, ತಮ್ಮ ಕೆಲಸ ಹೇಳಬೇಕು ಅಂತ ಅದರಲ್ಲಿದೆ. ಒಮ್ಮೆ ದನಿ ಎತ್ತಿದವರು ಆಮೇಲೆ ಏನಾದರೂ ತಪ್ಪು ಕಂಡಾಗ ಹೇಳುವುದು ಸುಲಭ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಈ ಪಟ್ಟಿ ಬಂದ ಮೇಲೆ ಸಾವಿನ ಪ್ರಮಾಣ ಶೇ. 1.5ರಿಂದ ಶೇ. 0.8ಕ್ಕೆ ಇಳಿದಿತ್ತು. ಹೆಸರು ಹೇಳಿದ್ದಕ್ಕೇ ಇಷ್ಟಾಯಿತು ಅಂತ ಅಲ್ಲ, ಪಟ್ಟಿಯಲ್ಲಿ ಇನ್ನೂ ಬಹಳಷ್ಟು ಇದೆ. ಆದರೆ ಅನುಭವಿಗಳು ಕೂತು ಬರೆದ ಪಟ್ಟಿಯಲ್ಲಿ ಅದಕ್ಕೂ ಜಾಗ ಸಿಕ್ಕಿದೆ ಅಲ್ವಾ?

ನೀಲಿಶಾಯಿ, ನಿಮಗೆ ನಾನು ಹೇಳುವುದು ಇಷ್ಟು. ಧೈರ್ಯಕ್ಕೆ ಕಾಯಬೇಡಿ, ವಾಕ್ಯ ಸಿದ್ಧ ಮಾಡಿಕೊಳ್ಳಿ.

ಅಂಚಿನಬೆಂಚು

ಎಲ್ಲರೂ ಒಳ್ಳೆಯದೇ ಹೇಳುತ್ತಿದ್ದೀರಿ. ಆದರೆ ನನ್ನದೊಂದು ತಕರಾರಿದೆ. ಎಲ್ಲ ಹಿಂಜರಿಕೆಯೂ ನಮ್ಮೊಳಗಿಂದ ಬಂದದ್ದಲ್ಲ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಪ್ರಶ್ನೆ ಕೇಳಿದರೆ ಮ್ಯಾನೇಜರ್ ಎಲ್ಲರ ಮುಂದೆ 'ಇಷ್ಟೂ ಗೊತ್ತಿಲ್ವಾ?' ಅನ್ನುತ್ತಿದ್ದರು. ಎರಡು ತಿಂಗಳಲ್ಲಿ ಇಡೀ ತಂಡ ಮೂಕವಾಯಿತು. ಆಗ ಬಂದು ಯಾರಾದರೂ ನನಗೆ 'ಒಂದು ವಾಕ್ಯ ಬರೆದುಕೊಂಡು ಹೋಗು' ಅಂದಿದ್ದರೆ ಸಿಟ್ಟು ಬರುತ್ತಿತ್ತು. ಅಲ್ಲಿ ಸುಮ್ಮನಿರುವುದೇ ಬುದ್ಧಿವಂತಿಕೆಯಾಗಿತ್ತು.

ಜನರನ್ನು ಸರಿಮಾಡುವುದಕ್ಕಿಂತ ಮೊದಲು ಜಾಗ ಸರಿ ಇದೆಯಾ ನೋಡಬೇಕು.

ಓದುಗ

ಅಂಚಿನಬೆಂಚು ಅವರ ಮಾತಿಗೆ ಬಲ ಕೊಡುವ ಕೆಲಸ ಆಗಿದೆ. ಮನಶ್ಶಾಸ್ತ್ರ ಪಾಠ ಮಾಡುತ್ತೇನೆ, ಅದಕ್ಕೆ ಹೇಳುತ್ತಿದ್ದೇನೆ.

ಏಮಿ ಎಡ್ಮಂಡ್‌ಸನ್ ಅನ್ನುವವರು ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಆ ತಂಡಗಳಲ್ಲಿ ಜನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು, ಅದೇ ಕಾರಣ ಅಂತ ಅವರು ಕಂಡುಕೊಂಡರು. 1999ರಲ್ಲಿ ಇದೇ ವಿಷಯದ ಮೇಲೆ ಅವರ ಹೆಸರಾಂತ ಪ್ರಬಂಧ ಬಂತು. ಮಾತಾಡಿದರೆ ಅವಮಾನ ಆಗುವುದಿಲ್ಲ ಅನ್ನುವ ನಂಬಿಕೆ ತಂಡದಲ್ಲಿದ್ದರೆ ಕಲಿಕೆಯೂ ಚೆನ್ನಾಗಿರುತ್ತದೆ ಅನ್ನುವುದು ಅದರ ಸಾರ.

ಹಾಗಾಗಿ ಎರಡನ್ನೂ ಬೇರೆ ಬೇರೆ ನೋಡಿ. ನಿಮ್ಮ ಆಫೀಸಿನಲ್ಲಿ ಪ್ರಶ್ನೆ ಕೇಳಿದವರಿಗೆ ಏನಾಗುತ್ತದೆ? ಬೈಸಿಕೊಂಡರೆ, ಭಯ ಇರುವುದು ಸರಿಯೇ. ಏನೂ ಆಗುವುದಿಲ್ಲ, ಆದರೂ ನಿಮಗೆ ಮಾತ್ರ ಭಯ ಅಂತಾದರೆ ಅದು ಬೇರೆ. ನೀಲಿಶಾಯಿ ಅವರ ಬರಹದಲ್ಲೇ ಉತ್ತರ ಇದೆ. ಅವರ ಮಾತನ್ನು ಬೇರೆಯವರು ಹೇಳಿ ಶಹಭಾಸ್ ತೆಗೆದುಕೊಳ್ಳುತ್ತಿದ್ದಾರೆ. ಅಂದರೆ ಅಲ್ಲಿ ಮಾತಿಗೆ ಜಾಗ ಇದೆ.

'ಎಲ್ಲರೂ ನನ್ನನ್ನೇ ನೋಡುತ್ತಾರೆ' ಅನ್ನುವ ಭಯದ ಬಗ್ಗೆಯೂ ಒಂದು ಮಾತು. 2000ರಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಅಂತ ತೊಟ್ಟವರು ಅಂದಾಜು ಮಾಡಿದರು. ಗಮನಿಸಿದ್ದು ಹೆಚ್ಚುಕಡಿಮೆ ಕಾಲು ಭಾಗ ಜನ ಮಾತ್ರ. ನಿಮ್ಮ ದನಿ ನಡುಗಿದ್ದು ನಿಮಗೆ ಕೇಳಿಸಿದಷ್ಟು ಬೇರೆಯವರಿಗೆ ಕೇಳಿಸುವುದಿಲ್ಲ.

ನೀಲಿಶಾಯಿ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಓದುಗ ಸರ್, ನೀವು ಹೇಳಿದ್ದು ನಿಜ. ನಮ್ಮಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಭಯ ನನ್ನದೇ.

ಅರ್ಜಿಯ ವಿಷಯಕ್ಕೆ ಬಂದರೆ, ನನಗೆ ಇಲ್ಲಿಯವರೆಗೆ ಸಿಕ್ಕಿದ್ದೆಲ್ಲ ಅದೃಷ್ಟದಿಂದ ಸಿಕ್ಕಿದ್ದು ಅನಿಸುತ್ತದೆ. ಲೀಡ್ ಆದರೆ ನನಗೆ ಅಷ್ಟೇನೂ ಗೊತ್ತಿಲ್ಲ ಅನ್ನುವುದು ಬಯಲಾಗುತ್ತದೆ ಅನ್ನುವ ಹೆದರಿಕೆ. ಇನ್ನೊಂದು, ಬಜೆಟ್ ತಯಾರಿಯ ಅನುಭವ ಕೇಳಿದ್ದಾರೆ. ಅದು ನನಗೆ ಕಡಿಮೆ.

ಹಳೇಪೆನ್ನು

ನಾನು ನಿವೃತ್ತ. ಕೆಲಸದ ಬಹುಪಾಲು ವರ್ಷ ಜನರನ್ನು ಆಯ್ಕೆ ಮಾಡುವ ಕಡೆ ಕೂತಿದ್ದೆ. ಆ ಕಡೆಯಿಂದ ಹೇಗೆ ಕಾಣುತ್ತದೆ, ಹೇಳುತ್ತೇನೆ.

ಅರ್ಹತೆಗಳ ಪಟ್ಟಿ ಹೇಗೆ ತಯಾರಾಗುತ್ತದೆ ಗೊತ್ತಾ? ಹಿಂದೆ ಆ ಕುರ್ಚಿಯಲ್ಲಿದ್ದವರು ಬಿಡುವಾಗ ಏನೇನು ಮಾಡುತ್ತಿದ್ದರೋ ಅದನ್ನೆಲ್ಲ ಬರೆಯುತ್ತಾರೆ. ಅದರ ಮೇಲೆ ಇನ್ನೊಂದೆರಡು ಆಸೆ ಸೇರಿಸುತ್ತಾರೆ. ಆದರೆ ಹಿಂದಿನವರು ಸೇರುವಾಗ ಅದೆಲ್ಲ ಬರುತ್ತಿತ್ತಾ? ಇಲ್ಲ. ಅವರೂ ಅಲ್ಲೇ ಕಲಿತವರು. ಲೈಸೆನ್ಸ್, ಕಡ್ಡಾಯ ಪದವಿ ಇಂಥವು ಬೇರೆ ಮಾತು, ಅವು ಇಲ್ಲದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಉಳಿದದ್ದರಲ್ಲಿ ಒಂದೆರಡು ಕಡಿಮೆ ಇದ್ದರೆ ನಾವು ಮುಂದೆ ಕೂತು ಚರ್ಚೆ ಮಾಡುತ್ತೇವೆ. ಅರ್ಜಿಯೇ ಹಾಕದವರ ಬಗ್ಗೆ ಚರ್ಚೆ ಮಾಡಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಯೋಗ್ಯರಾದವರು ಅರ್ಜಿ ಹಾಕದೆ ಉಳಿದದ್ದನ್ನು ತುಂಬಾ ನೋಡಿದ್ದೇನೆ. ಆ ಜಾಗಕ್ಕೆ ಬಂದವರ ಕೈಕೆಳಗೆ ಅವರೇ ವರ್ಷಗಟ್ಟಲೆ ಕೆಲಸ ಮಾಡಿದರು, ಬಂದವರಿಗೆ ಕೆಲಸವನ್ನೂ ಅವರೇ ಕಲಿಸಿದರು. ಅದನ್ನು ನೋಡಿ ಬೇಜಾರಾಗುತ್ತಿತ್ತು.

ನೀವು ಬರೆದ ಅರ್ಜಿಯ ಒಕ್ಕಣೆ ಇಲ್ಲಿ ಹಾಕಿ, ನೋಡೋಣ.

ಓದುಗ

'ಎಲ್ಲ ಅದೃಷ್ಟ, ಒಂದು ದಿನ ಬಯಲಾಗುತ್ತದೆ' ಅನ್ನುವ ಭಾವನೆ ನಿಮ್ಮೊಬ್ಬರದಲ್ಲ. ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅನ್ನುವ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇದರ ಬಗ್ಗೆ ಬರೆದರು. ಅವರು ನೋಡಿದ್ದು ಕೈಲಾಗದವರನ್ನಲ್ಲ, ಓದಿನಲ್ಲಿ ಮತ್ತು ಕೆಲಸದಲ್ಲಿ ತುಂಬಾ ಮುಂದೆ ಬಂದಿದ್ದ ಹೆಂಗಸರನ್ನು. ಮಾಡಿದ ಕೆಲಸವನ್ನು ಅವತ್ತೇ ಎರಡು ಸಾಲು ಬರೆದಿಡುವ ರೂಢಿ ಮಾಡಿಕೊಳ್ಳಿ. ಯಾವ ತೊಡಕು ಬಂತು, ನೀವು ಏನು ಮಾಡಿದಿರಿ. ಅದೃಷ್ಟ ಎಷ್ಟು, ನಿಮ್ಮ ಕೈ ಎಷ್ಟು ಅನ್ನುವುದು ಆ ಪುಟಗಳಲ್ಲಿ ತಾನಾಗಿ ಕಾಣುತ್ತದೆ.

ನೀಲಿಶಾಯಿ

ಹಳೇಪೆನ್ನು ಸರ್, ಇದು ನಾನು ಬರೆದಿರುವುದು:

'ಮಾನ್ಯರೇ, ಈ ಹುದ್ದೆಗೆ ಬೇಕಾದ ಎಲ್ಲ ಅನುಭವ ನನಗಿಲ್ಲದಿದ್ದರೂ, ಒಂದು ವೇಳೆ ಸೂಕ್ತ ಅನಿಸಿದಲ್ಲಿ ನನ್ನ ಅರ್ಜಿಯನ್ನು ದಯವಿಟ್ಟು ಪರಿಗಣಿಸಬೇಕಾಗಿ ವಿನಂತಿ. ವರದಿ ತಯಾರಿಸುವ ಕೆಲಸ ಸ್ವಲ್ಪ ಮಟ್ಟಿಗೆ ಗೊತ್ತಿದೆ. ತಂಡದ ಸಹಕಾರದಿಂದ ಕೆಲವು ಸುಧಾರಣೆಗಳನ್ನು ಮಾಡಲಾಗಿದೆ.'

ಹಳೇಪೆನ್ನು

ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಇದನ್ನು ಓದಿದರೆ ನೀವು ಏನು ಮಾಡಿದ್ದೀರಿ ಅಂತ ನನಗೆ ಗೊತ್ತಾಗುವುದಿಲ್ಲ. ಮೊದಲ ವಾಕ್ಯವೇ ಇಲ್ಲದ್ದನ್ನು ಹೇಳುತ್ತದೆ. ತಿಂಗಳ ವರದಿ ನಿಮ್ಮ ಕೈಯಿಂದ ಹೋಗುತ್ತದೆ ಅಂತ ಮೇಲೆ ಹೇಳಿದಿರಿ, ಇಲ್ಲಿ 'ಸ್ವಲ್ಪ ಮಟ್ಟಿಗೆ ಗೊತ್ತಿದೆ' ಅಂತ ಬರೆದಿದ್ದೀರಿ. ಸುಧಾರಣೆಗಳನ್ನು ಯಾರು ಮಾಡಿದರು? ಯಾವ ಸುಧಾರಣೆ? ಮಾಡಿದ ಮೇಲೆ ಏನು ಬದಲಾಯಿತು?

ಈ ಪ್ರಶ್ನೆಗಳಿಗೆ ಇಲ್ಲೇ ಉತ್ತರ ಕೊಡಿ. ಅರ್ಜಿ ಅಂತ ಯೋಚಿಸಬೇಡಿ, ನನಗೆ ಹೇಳುತ್ತಿದ್ದೀರಿ ಅಂದುಕೊಳ್ಳಿ.

ನೀಲಿಶಾಯಿ

ಮೊದಲು ಬ್ಯಾಂಕ್ ಖಾತೆ ತಾಳೆ ನೋಡುವ ಕೆಲಸ ಎಲ್ಲ ತಿಂಗಳ ಕೊನೆಗೆ ಒಟ್ಟಿಗೆ ಬೀಳುತ್ತಿತ್ತು. ವರದಿ ಪ್ರತಿ ಸಲ ತಡ. ಇದನ್ನು ವಾರವಾರ ಮಾಡಿದರೆ ಹೇಗೆ ಅಂತ ನಾನೇ ಒಂದು ಶೀಟ್ ಮಾಡಿ ಮ್ಯಾನೇಜರಿಗೆ ತೋರಿಸಿದೆ. ಅವರು ಒಪ್ಪಿದರು. ಈಗ ವರದಿ ಗಡುವಿಗೆ ಮುಂಚೆಯೇ ಸಿದ್ಧ ಇರುತ್ತದೆ. ಹೊಸದಾಗಿ ಸೇರಿದವರಿಗೆ ಇದನ್ನು ಕಲಿಸುವುದೂ ನಾನೇ. ಬಜೆಟ್ ತಯಾರಿಯಲ್ಲಿ ನಮ್ಮ ವಿಭಾಗದ ಖರ್ಚಿನ ಅಂಕಿಗಳನ್ನು ಮಾತ್ರ ನಾನು ಕೊಡುತ್ತೇನೆ, ಪೂರ್ತಿ ಬಜೆಟ್ ಮಾಡಿಲ್ಲ.

ಹಳೇಪೆನ್ನು

ನೋಡಿದಿರಾ? ಅರ್ಜಿ ಇಲ್ಲೇ ಇದೆ. ನೀವೇ ಬರೆದದ್ದನ್ನು ಜೋಡಿಸಿ ಕೊಡುತ್ತಿದ್ದೇನೆ, ಒಂದು ಅಕ್ಷರವೂ ಉತ್ಪ್ರೇಕ್ಷೆ ಇಲ್ಲ:

'ಟೀಮ್ ಲೀಡ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ತಿಂಗಳ ಕೊನೆಯ ವರದಿಯ ಹೊಣೆ ಈಗ ನನ್ನದು. ಬ್ಯಾಂಕ್ ಖಾತೆಗಳನ್ನು ತಿಂಗಳಿಗೊಮ್ಮೆ ತಾಳೆ ನೋಡುವ ಬದಲು ವಾರವಾರ ನೋಡುವ ಪದ್ಧತಿಯನ್ನು ನಾನು ಸೂಚಿಸಿ ಜಾರಿಗೆ ತಂದೆ. ಮೊದಲು ತಡವಾಗುತ್ತಿದ್ದ ವರದಿ ಈಗ ಗಡುವಿಗೆ ಮುಂಚೆ ಸಿದ್ಧವಾಗುತ್ತದೆ. ಹೊಸದಾಗಿ ಸೇರಿದವರಿಗೆ ಈ ಕೆಲಸ ಕಲಿಸುತ್ತಿದ್ದೇನೆ. ಬಜೆಟ್ ತಯಾರಿಯಲ್ಲಿ ವಿಭಾಗದ ಖರ್ಚಿನ ಅಂಕಿಗಳನ್ನು ನಾನು ಕೊಡುತ್ತೇನೆ. ಪೂರ್ತಿ ಬಜೆಟ್ ಕೆಲಸ ಕಲಿಯಲು ಈ ಹುದ್ದೆಯಲ್ಲಿ ಅವಕಾಶ ಬಯಸುತ್ತೇನೆ.'

ಕಡಿಮೆ ಇರುವುದನ್ನು ಮುಚ್ಚಿಟ್ಟಿಲ್ಲ, ಆದರೆ ಅದು ಕೊನೆಗೆ ಬಂತು. ಹೀಗೆ ಬರೆದರೆ ಜಂಭ ಅನಿಸುತ್ತದೆ ಅಂತ ನಿಮಗೆ ಅನಿಸಬಹುದು. ಆದದ್ದನ್ನು ಆದ ಹಾಗೆ ಹೇಳುವುದು ಜಂಭ ಅಲ್ಲ. ಓದುವವರಿಗೆ ಅದರಿಂದ ಕೆಲಸ ಹಗುರ.

ದಾರಿಹೋಕ

ಈ ಉತ್ತರವನ್ನು ನನಗಾಗಿಯೂ ಉಳಿಸಿಕೊಂಡೆ. ನಾನು ಸ್ವತಂತ್ರವಾಗಿ ವಿನ್ಯಾಸದ ಕೆಲಸ ಮಾಡುವವಳು. ನನ್ನ ಹಿಂಜರಿಕೆ ಮೀಟಿಂಗಿನಲ್ಲಿ ಅಲ್ಲ, ಕೇಳುವುದರಲ್ಲಿ. 'ನಿಮ್ಮಲ್ಲಿ ಕೆಲಸ ಇದೆಯಾ?', 'ನನ್ನ ಬಗ್ಗೆ ಅವರಿಗೆ ಒಂದು ಮಾತು ಹೇಳುತ್ತೀರಾ?' ಇದನ್ನು ಕೇಳಲು ಪ್ರಾಣ ಹೋಗುತ್ತಿತ್ತು.

ಒಂದು ಅಧ್ಯಯನ ಓದಿದ ಮೇಲೆ ಸ್ವಲ್ಪ ಬದಲಾದೆ. ಫ್ರಾಂಕ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ್ದು. ಅಪರಿಚಿತರ ಹತ್ತಿರ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬನ್ನಿ ಅಂತ ಜನರನ್ನು ಕಳಿಸಿದರು. ಐದು ಜನ ಒಪ್ಪಬೇಕಾದರೆ ಸುಮಾರು 20 ಜನರನ್ನು ಕೇಳಬೇಕಾಗುತ್ತದೆ ಅಂತ ಹೋದವರ ಅಂದಾಜು. ನಿಜವಾಗಿ ಸುಮಾರು 10 ಜನರನ್ನು ಕೇಳುವಷ್ಟರಲ್ಲಿ ಮುಗಿಯಿತು. ಕೇಳುವವರಿಗೆ ಯಾವಾಗಲೂ 'ಇಲ್ಲ' ಅನ್ನುವುದೇ ದೊಡ್ಡದಾಗಿ ಕಾಣುತ್ತದೆ. ಎದುರಿನವರಿಗೆ ಇಲ್ಲ ಅನ್ನುವುದೂ ಕಷ್ಟ ಅನ್ನುವುದು ನಮಗೆ ಹೊಳೆಯುವುದಿಲ್ಲ.

ಕೇಳಬೇಕಾದ್ದು ಯಾರನ್ನು ಅನ್ನುವುದಕ್ಕೂ ಒಂದು ಮಾತು. ಹತ್ತಿರದ ಗೆಳೆಯರನ್ನು ಮಾತ್ರ ಕೇಳಬೇಡಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲೇ ಬರೆದ ಹಾಗೆ, ಹೊಸ ಸುದ್ದಿ ಬರುವುದು ಅಷ್ಟಾಗಿ ಹತ್ತಿರವಲ್ಲದ ಪರಿಚಯದವರಿಂದ. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ನನಗೆ ಸಿಕ್ಕ ಒಳ್ಳೆಯ ಕೆಲಸಗಳು ಎಂದೋ ಒಮ್ಮೆ ಜೊತೆಗೆ ಕೆಲಸ ಮಾಡಿದ್ದವರಿಂದಲೇ ಬಂದವು.

ನಾನು ಕಳಿಸುವ ಸಂದೇಶ ಮೂರೇ ಸಾಲು. ನಾವು ಎಲ್ಲಿ ಜೊತೆಗಿದ್ದೆವು, ನಾನು ಈಗ ಏನು ಮಾಡುತ್ತಿದ್ದೇನೆ, ನನಗೆ ಏನು ಬೇಕು. 'ನಿಮಗೆ ತೊಂದರೆ ಕೊಡುತ್ತಿದ್ದೇನೆ' ಅನ್ನುವ ಸಾಲು ತೆಗೆದುಹಾಕಿದ್ದೇನೆ.

ಮೆಲುದನಿ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನದೊಂದು ಪ್ರಶ್ನೆ. ನಾನು ಹುಟ್ಟಿನಿಂದಲೇ ಮಾತು ಕಡಿಮೆ. ಜೊತೆಗೆ ನಾನು ಕಲಿತ ಭಾಷೆ ಒಂದು, ಆಫೀಸಿನಲ್ಲಿ ನಡೆಯುವ ಭಾಷೆ ಇನ್ನೊಂದು. ಮುಂದೆ ಬರಬೇಕು ಅಂದರೆ ಪಟಪಟ ಅಂತ ಮಾತಾಡುವವಳಾಗಿ ಬದಲಾಗಲೇಬೇಕಾ?

ಹಳೇಪೆನ್ನು

ಬೇಕಾಗಿಲ್ಲಮ್ಮ. ಜಾಸ್ತಿ ಮಾತಾಡುವವರನ್ನು ಆಯ್ಕೆ ಮಾಡಿ ಆಮೇಲೆ ಕೈಕೈ ಹಿಸುಕಿಕೊಂಡ ಸಮಿತಿಗಳೂ ಇವೆ.

ಗಾಂಧೀಜಿ ವಿಷಯ ನೆನಪಾಗುತ್ತದೆ. ವಕೀಲರಾಗಿ ಬಂದ ಹೊಸತರಲ್ಲಿ ಬಾಂಬೆಯ ಸಣ್ಣ ವ್ಯಾಜ್ಯಗಳ ಕೋರ್ಟಿನಲ್ಲಿ ಅವರ ಮೊದಲ ಪ್ರಕರಣ. ಪಾಟೀಸವಾಲು ಮಾಡಲು ಎದ್ದು ನಿಂತರು. ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೂತುಬಿಟ್ಟರು. ಬೇರೆ ವಕೀಲರನ್ನು ಇಟ್ಟುಕೊಳ್ಳಿ ಅಂತ ಹೇಳಿ ಫೀಸು ವಾಪಸ್ ಕೊಟ್ಟರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರ ಸಭೆ ಸೇರಿಸಿ ಮಾತಾಡಿದರು. ಅದನ್ನೇ ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಅನ್ನಬಹುದು ಅಂತ ಅವರು ಹೇಳಿಕೊಂಡಿದ್ದಾರೆ. ವಿಷಯ ವ್ಯಾಪಾರದಲ್ಲಿ ಸತ್ಯ. ತಕ್ಕಷ್ಟು ಸಿದ್ಧತೆ ಮಾಡಿಕೊಂಡೇ ಹೋಗಿದ್ದರು.

ಅವರು ಆಮೇಲೂ ದೊಡ್ಡ ದನಿಯ ಮಾತುಗಾರರಾಗಲಿಲ್ಲ. ತಮಗೆ ಮನಸ್ಸಿಗೆ ಹತ್ತಿರವಾದ ವಿಷಯ, ಮೊದಲೇ ಮಾಡಿಕೊಂಡ ತಯಾರಿ. ಇವೆರಡು ಇದ್ದಾಗ ಮೆಲುದನಿಯೂ ಕೇಳಿಸುತ್ತದೆ.

ಕಟ್ಟಡದವನು

ಭಾಷೆಯ ವಿಷಯಕ್ಕೆ ನನ್ನದೊಂದು ಸೇರಿಸುತ್ತೇನೆ, ಯಾಕೆಂದರೆ ನಮ್ಮ ಸೈಟಿನಲ್ಲಿ ನಾಲ್ಕು ಭಾಷೆಯವರಿದ್ದಾರೆ. ನಿಮ್ಮ ಕೆಲಸಕ್ಕೆ ಬೇಕಾಗುವ ಮಾತು ಬಹಳ ಇಲ್ಲ. ಅವವೇ ವಾಕ್ಯಗಳು ದಿನಾ ಬರುತ್ತವೆ. 'ಇದು ಯಾವಾಗ ಮುಗಿಯಬೇಕು?', 'ಇನ್ನೊಮ್ಮೆ ಹೇಳುತ್ತೀರಾ?', 'ಇದನ್ನು ನೋಡಿ ಸಂಜೆ ತಿಳಿಸುತ್ತೇನೆ.' ಇಂಥವನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಸಾಲದು, ಬಾಯಿಗೆ ರೂಢಿಯಾಗಬೇಕು. ವ್ಯಾಕರಣ ತಪ್ಪಿದರೆ ಯಾರ ಕಟ್ಟಡವೂ ಬೀಳುವುದಿಲ್ಲ. ಅಳತೆ ತಪ್ಪಿದರೆ ಬೀಳುತ್ತದೆ, ಅದನ್ನು ಕೇಳಿ ಖಚಿತ ಮಾಡಿಕೊಳ್ಳಲು ನಾಚಬೇಡಿ.

ಒಳದನಿ

ಆಪ್ತಸಮಾಲೋಚಕಿಯಾಗಿ ಒಂದು ಮಾತು ಹೇಳಲೇಬೇಕು. ಇಲ್ಲಿ ಓದುತ್ತಿರುವ ಕೆಲವರಿಗೆ ಇದು ಬರೀ ಹಿಂಜರಿಕೆ ಆಗಿರದೆ ಇರಬಹುದು. ಮೀಟಿಂಗ್ ಇದೆ ಅಂದರೆ ವಾರ ಮೊದಲಿನಿಂದಲೇ ನಿದ್ದೆ ಬಾರದಿರುವುದು, ಹೊಟ್ಟೆ ಕೆಡುವುದು, ಫೋನ್ ಎತ್ತಲೂ ಆಗದಿರುವುದು, ಇದೇ ಕಾರಣಕ್ಕೆ ಕೆಲಸ ಬಿಡುವುದು. ಇದು ತಿಂಗಳುಗಟ್ಟಲೆ ನಡೆಯುತ್ತಿದ್ದರೆ ಸಾಮಾಜಿಕ ಆತಂಕದ ತೊಂದರೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಅರಿವಿನ ವರ್ತನಾ ಚಿಕಿತ್ಸೆಯಿಂದ, ಅಂದರೆ ಭಯ ಹುಟ್ಟಿಸುವ ಯೋಚನೆ ಮತ್ತು ನಡವಳಿಕೆಯನ್ನು ಮಾತುಕತೆ, ಅಭ್ಯಾಸದ ಮೂಲಕ ಬದಲಿಸಿಕೊಳ್ಳುವ ಚಿಕಿತ್ಸೆಯಿಂದ, ತುಂಬಾ ಜನರಿಗೆ ಗುಣ ಸಿಕ್ಕಿದೆ. ಮನೋವೈದ್ಯರನ್ನು ಕಾಣುವುದಕ್ಕೆ ಸಂಕೋಚ ಬೇಡ.

ಎದೆಬಡಿತ ಕಡಿಮೆ ಮಾಡುವ ಮಾತ್ರೆಯನ್ನು ಯಾರೋ ಹೇಳಿದರು ಅಂತ ಸಂದರ್ಶನದ ಮುಂಚೆ ನುಂಗಬೇಡಿ. ಅಸ್ತಮಾ ಇದ್ದವರಿಗೆ ಅದು ಅಪಾಯ. ವೈದ್ಯರು ಕೊಟ್ಟರೆ ಮಾತ್ರ.

ಅಂಚಿನಬೆಂಚು

ಈ ಮಾತು ಬಂದದ್ದು ಒಳ್ಳೆಯದಾಯಿತು. ನನ್ನ ತಕರಾರಿಗೂ ಉತ್ತರ ಸಿಕ್ಕಿತು. ಆ ಕಂಪನಿ ಬಿಟ್ಟ ಮೇಲೆ ಸಂದರ್ಶನಕ್ಕೆ ಹೋದಾಗೆಲ್ಲ ನಾನೇ ಒಂದು ಪ್ರಶ್ನೆ ಕೇಳುತ್ತಿದ್ದೆ. 'ನಿಮ್ಮ ತಂಡದಲ್ಲಿ ಯಾರಿಗಾದರೂ ಹಿರಿಯರ ಮಾತು ಸರಿ ಅನಿಸದಿದ್ದರೆ ಏನು ಮಾಡುತ್ತಾರೆ? ಇತ್ತೀಚಿನ ಒಂದು ಉದಾಹರಣೆ ಹೇಳುತ್ತೀರಾ?' ಉದಾಹರಣೆ ತಕ್ಷಣ ಕೊಟ್ಟ ಕಡೆ ಸೇರಿದೆ. ಈಗ ಅಲ್ಲೇ ಇದ್ದೇನೆ, ಚೆನ್ನಾಗಿದ್ದೇನೆ.

ನೀಲಿಶಾಯಿ

ಎಲ್ಲರಿಗೂ ಸುದ್ದಿ ಹೇಳಬೇಕು. ಅರ್ಜಿ ಕಳಿಸಿದೆ. ಹಳೇಪೆನ್ನು ಸರ್ ಜೋಡಿಸಿದ ಒಕ್ಕಣೆಯೇ.

ಇವತ್ತಿನ ಮೀಟಿಂಗಿನಲ್ಲೂ ಮಾತಾಡಿದೆ. ಪರದೆಯ ಮೇಲೆ ಖರ್ಚಿನ ಪಟ್ಟಿ ಇತ್ತು. ಒಬ್ಬ ಸರಬರಾಜುದಾರರಿಗೆ ಕೊಟ್ಟ ಮುಂಗಡ ಎರಡು ಕಡೆ ಬಂದಿತ್ತು, ಒಮ್ಮೆ ಮುಂಗಡದಲ್ಲಿ, ಒಮ್ಮೆ ಬಿಲ್ಲಿನಲ್ಲಿ. ಇದು ನನಗೆ ನಿನ್ನೆಯೇ ಕಂಡಿತ್ತು. ವಾಕ್ಯ ಬರೆದುಕೊಂಡು ಹೋಗಿದ್ದೆ. 'ಆರನೇ ಸಾಲು ಮತ್ತು ಹದಿನೇಳನೇ ಸಾಲಿನಲ್ಲಿ ಒಂದೇ ಮೊತ್ತ ಎರಡು ಸಲ ಬಂದಿದೆ ಅನಿಸುತ್ತದೆ, ಒಮ್ಮೆ ನೋಡೋಣವಾ?' ಪುಸ್ತಕದಲ್ಲಿ ನೋಡಿಕೊಂಡೇ ಓದಿದೆ. ದನಿ ನಡುಗಿತು. ಮ್ಯಾನೇಜರ್ ಎರಡೂ ಸಾಲು ನೋಡಿದರು. 'ಹೌದಲ್ಲ. ಸರಿಮಾಡಿ ಕಳಿಸಿ' ಅಂದರು. ಮುಂದಿನ ವಿಷಯಕ್ಕೆ ಹೋದರು. ಅಷ್ಟೇ! ಅರ್ಧ ನಿಮಿಷವೂ ಆಗಿರಲಿಲ್ಲ. ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಇಷ್ಟು ವರ್ಷ ನಾನು ಹೆದರಿದ್ದು ಈ ಅರ್ಧ ನಿಮಿಷಕ್ಕೆ ಅಂತ ಅನಿಸಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಮುಂದಿನ ವಾರ ಸಂದರ್ಶನ. 'ತಂಡ ನಡೆಸಿದ ಅನುಭವ ಇದೆಯಾ?' ಅಂತ ಖಂಡಿತ ಕೇಳುತ್ತಾರೆ. ಏನು ಹೇಳಲಿ?

ಹಳೇಪೆನ್ನು

ತುಂಬಾ ಸಂತೋಷವಾಯಿತು. ಆ ಪ್ರಶ್ನೆಗೆ 'ಇಲ್ಲ' ಅಂತ ನಿಲ್ಲಿಸಬೇಡಿ, ಇದೆ ಅಂತ ಸುಳ್ಳೂ ಬೇಡ. 'ಲೀಡ್ ಅನ್ನುವ ಹುದ್ದೆಯಲ್ಲಿ ಇರಲಿಲ್ಲ. ಆದರೆ ವಾರದ ತಾಳೆ ಪದ್ಧತಿಗೆ ಎಲ್ಲರನ್ನೂ ಒಪ್ಪಿಸಿದ್ದು ನಾನು' ಅಂತ ಶುರು ಮಾಡಿ ಒಂದು ಘಟನೆ ಹೇಳಿ. ಆಗ ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಏನು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಎರಡು ನಿಮಿಷ ಮೀರಬೇಡಿ. ಒಪ್ಪದವರು ಯಾರಾದರೂ ಇದ್ದರಾ? ಅವರನ್ನು ಹೇಗೆ ಒಪ್ಪಿಸಿದಿರಿ ಅನ್ನುವುದನ್ನು ಮರೆಯದೆ ಹೇಳಿ. ಸಮಿತಿಯಲ್ಲಿ ಕೂತವರು ಕಿವಿ ನಿಮಿರಿಸಿ ಕೇಳುವುದು ಆ ಭಾಗವನ್ನೇ.

ಗೊತ್ತಿಲ್ಲದ್ದು ಕೇಳಿದರೆ 'ಇದು ನನಗೆ ಗೊತ್ತಿಲ್ಲ. ತಿಳಿದುಕೊಳ್ಳಬೇಕಾದರೆ ಮೊದಲು ಇದನ್ನು ನೋಡುತ್ತೇನೆ' ಅಂತ ಹೇಳಿ.

ಓದುಗ

ಕಾಯುವ ಕೋಣೆಯಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಅದಕ್ಕೂ ಒಂದು ವಾಕ್ಯ ಇಟ್ಟುಕೊಳ್ಳಿ. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣದ ಮುಂಚೆ 'ನಾನು ಶಾಂತವಾಗಿದ್ದೇನೆ' ಅಂದುಕೊಂಡವರಿಗಿಂತ 'ನನಗೆ ಉತ್ಸಾಹವಾಗಿದೆ' ಅಂತ ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಬಡಿಯುವ ಎದೆಯನ್ನು ನಿಲ್ಲಿಸುವುದು ಕಷ್ಟ. ಅದನ್ನು 'ಇದು ಹುರುಪು' ಅಂದುಕೊಳ್ಳುವುದು ಅದಕ್ಕಿಂತ ಸುಲಭ.

ಮೆಲುದನಿ

ನನಗೂ ನಾಳೆ ಮೀಟಿಂಗ್ ಇದೆ. ನಾನೂ ಒಂದು ವಾಕ್ಯ ಬರೆದುಕೊಂಡಿದ್ದೇನೆ. 'ಕ್ಷಮಿಸಿ, ಇದು ನನಗೇ ಅರ್ಥವಾಗದೆ ಇರಬಹುದು, ನಿಮಗೆಲ್ಲ ಗೊತ್ತೇ ಇರುತ್ತದೆ, ಆದರೂ ಕೇಳುತ್ತಿದ್ದೇನೆ, ಹೊಸ ಗ್ರಾಹಕರ ದೂರುಗಳನ್ನು ಯಾರು ನೋಡಿಕೊಳ್ಳುತ್ತಾರೆ?' ಸರಿ ಇದೆಯಾ?

ರಾತ್ರಿಪಾಳಿ

ಪ್ರಶ್ನೆ ತುಂಬಾ ಚೆನ್ನಾಗಿದೆ, ಅದು ಕೊನೆಯಲ್ಲಿದೆ ಅಷ್ಟೇ. 'ಹೊಸ ಗ್ರಾಹಕರ ದೂರುಗಳನ್ನು ಯಾರು ನೋಡಿಕೊಳ್ಳುತ್ತಾರೆ?' ಇದನ್ನು ಮಾತ್ರ ಇಟ್ಟುಕೊಂಡು ಉಳಿದದ್ದು ಹೊಡೆದುಹಾಕಿ. ಈಗಲೇ ನಾಲ್ಕೈದು ಸಲ ಗಟ್ಟಿಯಾಗಿ ಓದಿ ಮಲಗಿ. ನಾಳೆ ಹೇಗಾಯಿತು ಅಂತ ಬಂದು ಬರೆಯಿರಿ, ಪಾಳಿ ಮುಗಿಸಿ ಬಂದ ತಕ್ಷಣ ನೋಡುತ್ತೇನೆ.